ಚೌಡಿಯ ಕಲ್ಲಿನ ಬಳಿ ತಣ್ಣಗಿದ್ದ ಕೇಬಲ್

ಭದ್ರಾವತಿಯ ಒಂದು ಅಂಗಳದಲ್ಲಿ ಪರೀಕ್ಷೆಗೆಂದು ಹೂತಿದ್ದ ಹೈವೋಲ್ಟೇಜ್ ಡಿ.ಸಿ. ಕೇಬಲ್ ಎಷ್ಟು ಕರೆಂಟ್ ತಾಳೀತು ಎಂಬ ನನ್ನ ಲೆಕ್ಕ ಸುಳ್ಳಾಗುವುದರಲ್ಲಿತ್ತು. ಅರ್ಧ ಕರೆಂಟಿಗೇ ಅದು ಮಿತಿಮೀರಿ ಬಿಸಿಯಾಗುತ್ತಿತ್ತು. ಅದು ಹಾದುಹೋಗುವ ದಾರಿಯಲ್ಲಿದ್ದ ಚೌಡಿಯಮ್ಮನ ಕಲ್ಲಿನ ಬಳಿ ಮಾತ್ರ ತಣ್ಣಗಿತ್ತು.

“ಅಲ್ಲಿ ಅಮ್ಮ ಇದ್ದಾಳಲ್ಲ ಮೇಡಂ!” ಎಂದರು, ಕೇಬಲಿಗೆ ಉದ್ದನೆಯ ಗುಂಡಿ ತೋಡಿಸಿದ್ದ ಮೇಸ್ತ್ರಿ.

“ಅಮ್ಮನಿಗೆ ದಿನಾ ಏನು ಮಾಡ್ತೀರಿ?” ಎಂದು ಕೇಳಿದೆ.

“ಬೆಳಿಗ್ಗೆ ಕೊಡಗಟ್ಟಲೆ ನೀರು ಹೊಯ್ತೀವಿ.”

ನಾನು ಕುಣಿಯುವುದೊಂದು ಬಾಕಿ! ಕಾರ್ಖಾನೆಯೂರಿನ ರೂಢಿಯಂತೆ ಗುಂಡಿಗೆ ಕುಲುಮೆಯ ಬೂದಿ ತುಂಬಿದ್ದರು. ಒಣಬೂದಿ ಕೇಬಲಿನ ಶಾಖವನ್ನು ಹೊರಗೆ ಬಿಡದು, ನೆನೆದರೆ ಬಿಡುತ್ತದೆ. ಬೂದಿ ತೆಗೆಸಿ, ಜೇಡಿಮಣ್ಣು ತುಂಬಿಸಿ, ಉದ್ದಕ್ಕೂ ನೀರು ಹೊಯ್ಯಿಸಿದೆ. ಕೇಬಲ್ ಪೂರ್ತಿ ಕರೆಂಟನ್ನು ತಾಳಿತು!

“ಈಗ ಅಮ್ಮ ಆ ತುದಿಯಿಂದ ಈ ತುದಿಗೆ ಓಡಾಡ್ತಿದ್ದಾಳೆ ನೋಡಿ!” ಎಂದು ಮೇಸ್ತ್ರಿ ಬೀಗಿದರು.

ವರದಿಯಲ್ಲಿ ಮಾತ್ರ ನಾನು ಅವಳನ್ನು ‘ಮಣ್ಣಿನ ತೇವಾಂಶ’ ಎಂದು ನಮೂದಿಸಿದ್ದೇನೆ.