ಕೊನೆಯ ಬೋಲ್ಟಿನ ಗೆರೆ

ಸುರಂಗ ಕೊರೆಯುವ ಯಂತ್ರಗಳನ್ನು ಕಟ್ಟುವ ಆ ಕಾರ್ಖಾನೆಯಲ್ಲಿ ಹಳದಿ ಮಾವ ಎಂದರೆ ಕಾವಲುಗಾರನಿಂದ ಯಜಮಾನರವರೆಗೆ ಎಲ್ಲರಿಗೂ ಗೊತ್ತು. ಹುಟ್ಟುಹೆಸರು ಹಾಜರಿ ಪುಸ್ತಕಕ್ಕಷ್ಟೇ ಮೀಸಲು. ಬೋಲ್ಟು ಬಿಗಿಯುವುದು ಅವನ ಕೆಲಸ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಉಕ್ಕಿನವರೆಗೆ ಹಳದಿ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಮುಂದೆಂದಾದರೂ ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಎರಡಾಗಿ ಗುಟ್ಟು ರಟ್ಟಾಗುತ್ತದೆ. ಮೂವತ್ತೊಂದು ವರ್ಷ ಗೆರೆ ಎಳೆದೆಳೆದು ಅವನ ಬಲಗೈಯ ಎರಡು ಬೆರಳು ಹಳದಿಯಾಗಿಯೇ ಉಳಿದಿದ್ದವು. ಸೋಪೂ ಸೋತಿತು, ನಾನೂ ಸೋತೆ ಎನ್ನುತ್ತಿದ್ದಳು ಹೆಂಡತಿ.

ಯಂತ್ರವೂ ಅಂತಿಂಥದ್ದಲ್ಲ. ಮುಂದಿನ ಮುಖವೇ ಮೂರಂತಸ್ತಿನ ಮನೆಯಷ್ಟು ಎತ್ತರ. ಅದರ ತುಂಬ ಬಂಡೆ ಪುಡಿಮಾಡುವ ಉಕ್ಕಿನ ಚಕ್ರಗಳು, ಒಂದೊಂದೂ ಇಬ್ಬರು ಗಂಡಸರಷ್ಟು ಭಾರ. ಕಳಿಸುವ ಮುನ್ನ ಆ ಮುಖವನ್ನು ಕಾರ್ಖಾನೆಯೊಳಗೇ ಒಮ್ಮೆ ತಿರುಗಿಸಿ ನೋಡುತ್ತಾರೆ. ಆಗ ಅಡುಗೆಮನೆಯವರೂ ಸೌಟು ಬಿಟ್ಟು ಬರುತ್ತಾರೆ. ಅಷ್ಟು ದೊಡ್ಡದು ಸದ್ದಿಲ್ಲದೆ, ಅವಸರವಿಲ್ಲದೆ ತಿರುಗುವುದನ್ನು ಕಂಡಾಗಲೆಲ್ಲ ಹಳದಿ ಮಾವನ ಮೈ ಜುಮ್ಮೆನ್ನುತ್ತಿತ್ತು. ಆದರೆ ಅವನು ಕಂಡದ್ದು ಬರೀ ಗಾಳಿಯಲ್ಲಿ ತಿರುಗಿದ್ದನ್ನು. ಮರುವಾರ ಯಂತ್ರ ಭಾಗಭಾಗವಾಗಿ ಲಾರಿಗಳನ್ನೇರಿ ಹೊರಟುಬಿಡುತ್ತಿತ್ತು. ಅದು ಬಂಡೆ ಕಚ್ಚಿದ್ದನ್ನು ಅವನು ಒಂದು ದಿನವೂ ನೋಡಿದವನಲ್ಲ.

ನಿವೃತ್ತಿಗೆ ಒಂಬತ್ತು ದಿನ ಉಳಿದಿತ್ತು. ಭಾನುವಾರ ಮೊಮ್ಮಗಳ ಶಾಲೆಯ ಪುಸ್ತಕಗಳಿಗೆ ಹೆಸರು ಬರೆದ ಹೊದಿಕೆ ಹಾಕುತ್ತಿದ್ದ. ನೋಡಿದ ಹೆಂಡತಿ ನಕ್ಕಳು.

"ರೀ, ಗಣಿತದ ಪುಸ್ತಕಕ್ಕೆ ವಿಜ್ಞಾನ ಅಂತ ಬರ್ದಿದ್ದೀರಲ್ಲ. ಒಳಗೆ ತೆಗೆದು ನೋಡಬಾರದಾ?"

"ಪೆನ್ನು ಮುಗೀತಾ ಇತ್ತು ಕಣೇ. ಅದಕ್ಕೇ ಹೊದಿಕೆಗಳ ಮೇಲೆ ಮೊದಲೇ ಎಲ್ಲಾ ಬರೆದ್ಬಿಟ್ಟೆ."

ಹೇಳುತ್ತಿದ್ದಂತೆ ಅವನಿಗೆ ಕಾರ್ಖಾನೆಯ ಇನ್ನೊಂದು ಪೆನ್ನು ನೆನಪಾಯಿತು, ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟ.

ಮೂರು ತಿಂಗಳ ಹಿಂದೆ ಕಳಿಸಿದ ಯಂತ್ರ. ಅದರ ಮುಖವನ್ನು ಹೊತ್ತು ತಿರುಗುವ ದೊಡ್ಡ ಬೇರಿಂಗಿಗೆ ನೂರಮೂವತ್ತೆರಡು ಬೋಲ್ಟು. ಅಂದೂ ಬಣ್ಣದ ಪೆನ್ನು ಒಣಗುತ್ತಿತ್ತು. ಹೊಸದು ತರಲು ಏಣಿ ಇಳಿಯುವ ಸೋಮಾರಿತನಕ್ಕೆ ಉಳಿದ ಮೂರಕ್ಕೂ ಮೊದಲೇ ಗೆರೆ ಎಳೆದಿದ್ದ. ಎರಡನ್ನು ಬಿಗಿದು, ತಿರುಗಿ ತುಂಡಾದ ಗೆರೆಗಳನ್ನು ಪೆನ್ನಿನಲ್ಲಿ ಉಳಿದ ಕೊನೆಯ ಹನಿಯಿಂದ ತಿದ್ದುವಷ್ಟರಲ್ಲಿ ಕ್ರೇನ್ ಬಂತೆಂದು ಕೂಗು ಕೇಳಿ ಇಳಿದ. ಮರಳಿ ಬಂದಾಗ ಮೂರರ ಮೇಲೂ ಗೆರೆ ಇತ್ತು. ತನ್ನ ಗೆರೆಯನ್ನು ತಾನೇ ನಂಬಿ ಎಲ್ಲಾ ಆಯಿತೆಂದು ಬರೆದು ಸಹಿ ಹಾಕಿದ್ದ. ಆ ಭಾಗವನ್ನು ಬಿಚ್ಚದೆ ಇಡಿಯಾಗಿಯೇ ಕಳಿಸುತ್ತಾರೆ, ಮತ್ತೆ ಯಾರೂ ಅಲ್ಲಿಗೆ ಕೈ ಹಾಕುವುದಿಲ್ಲ.

"ಒಂದು ಬೋಲ್ಟಿಂದ ಏನಾಗುತ್ತೆ?" ಎಂದಳು ಅವನು ಹೇಳಿದ್ದನ್ನೆಲ್ಲ ಕೇಳಿದ ಹೆಂಡತಿ.

"ಅದರ ಭಾರ ಪಕ್ಕದ್ದು ಹೊರುತ್ತೆ. ಅದು ತುಂಡಾದ್ರೆ ಅದರ ಪಕ್ಕದ್ದು. ಬೇರಿಂಗ್ ಹೋದ್ರೆ ಯಂತ್ರ ಬೆಟ್ಟದ ಹೊಟ್ಟೇಲೇ ಸಿಕ್ಕಾಕ್ಕೊಳ್ಳುತ್ತೆ. ಒಳಗೆ ಜನ ಇದ್ದಾರೆ ಕಣೇ."

ಅವಳು ಪುಸ್ತಕ ಮಡಚಿಟ್ಟಳು. "ಹಾಗಾದ್ರೆ ನಾಳೆ ಹೋಗಿ ಹೇಳಿ."

ವಿಭಾಗದ ಮೇಲ್ವಿಚಾರಕಿ ಒಂದು ಕಾಲಕ್ಕೆ ಅವನ ಕೈಕೆಳಗೇ ಕೆಲಸ ಕಲಿತವಳು. ಸೋಮವಾರ ಅವನು ಹೇಳಿದ್ದನ್ನು ಕೇಳಿ ಅವಳು ಕಡತ ತಿರುವಿ ಹಾಕಿದಳು.

"ಮಾವ, ಇಲ್ಲಿ ಎಲ್ಲಾ ಸರಿಯಾಗಿದೆ. ಮೂವತ್ತೊಂದು ವರ್ಷ ಒಂದು ತಪ್ಪಿಲ್ಲ. ಹೋಗೋ ಹೊತ್ತಲ್ಲಿ ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೊತೀರಿ?"

"ಅಲ್ಲಿ ಬರೆದವನು ನಾನೇ ತಾನೇ ತಾಯಿ. ಬೋಲ್ಟು ನೋಡಿ ಬರೀಲಿಲ್ಲ, ಗೆರೆ ನೋಡಿ ಬರೆದೆ."

ಅವಳು ಕಡತ ಮುಚ್ಚಿ ಸುರಂಗದ ಕೆಲಸದವರಿಗೆ ಫೋನ್ ಮಾಡಿದಳು. ಗುರುವಾರ ಸವೆದ ಚಕ್ರ ಬದಲಿಸಲು ಯಂತ್ರ ನಿಲ್ಲುತ್ತದೆ, ಅಷ್ಟರಲ್ಲಿ ಬನ್ನಿ ಎಂದರು ಅತ್ತಲಿನವರು.

ಗುರುವಾರ ಇಬ್ಬರೂ ಪುಟ್ಟ ರೈಲಿನಲ್ಲಿ ಬೆಟ್ಟದೊಳಗೆ ಹೋದರು. ಹಳದಿ ಮಾವ ಬಾಯಿ ಬಿಟ್ಟವನು ಮುಚ್ಚಲಿಲ್ಲ. ಅರ್ಧ ಮೈಲಿ ಉದ್ದಕ್ಕೂ ದುಂಡನೆಯ ದಾರಿ, ಎಲ್ಲೂ ಒಂದು ಸೊಟ್ಟವಿಲ್ಲ. ತಲೆಯ ಮೇಲೆ ಇಡೀ ಬೆಟ್ಟ, ಅದರ ಮೇಲೆ ಕಾಡು, ಕೆರೆ, ಊರು. ಒಂದೆಡೆ ರೈಲು ನಿಂತಾಗ ಇಳಿದು ಗೋಡೆಗೆ ಕೈಯಿಟ್ಟ. ತಣ್ಣಗಿತ್ತು. ಲೋಕ ಹುಟ್ಟಿದಾಗಿನಿಂದ ಯಾರೂ ಕಾಲಿಡದ ಜಾಗದಲ್ಲಿ ತಾನು ಚಪ್ಪಟೆ ಮೂಗಿನ ಬೂಟು ಹಾಕಿಕೊಂಡು ನಿಂತಿದ್ದೇನೆ ಎನ್ನಿಸಿ ಅವನಿಗೆ ಭಯವೂ ಆಯಿತು, ನಗುವೂ ಬಂತು. ಹೆಂಡತಿಯನ್ನು ಕರೆತರಬೇಕಿತ್ತು ಎಂದುಕೊಂಡ.

ಯಂತ್ರದೊಳಗೆ ತೆವಳಿ, ಮುಚ್ಚಳ ಬಿಚ್ಚಿ, ಕೊನೆಯ ಬೋಲ್ಟಿಗೆ ದೀಪ ಹಿಡಿದರು. ಗೆರೆ ನೆಟ್ಟಗಿತ್ತು.

"ನೋಡಿ ಮಾವ, ಏನೂ ಆಗಿಲ್ಲ," ಎಂದಳು ಮೇಲ್ವಿಚಾರಕಿ. "ಸಾಕು, ಮುಚ್ಚೋಣ."

ಅವನಿಗೂ ಒಂದು ಕ್ಷಣ ಸಾಕು ಎನ್ನಿಸಿತು, ಸುಳ್ಳೇಕೆ. ಆದರೂ ಸ್ಪ್ಯಾನರ್ ಹಚ್ಚಿದ. ತಕ್ಕಷ್ಟು ಬಿಗಿಯಾದಾಗ ಟಕ್ ಎನ್ನುವ ಸ್ಪ್ಯಾನರ್ ಅದು. ಎಳೆದ, ಸದ್ದಿಲ್ಲ. ಬೋಲ್ಟು ತಿರುಗಿತು. ಒಂದು ಬೆರಳಗಲ, ಎರಡು ಬೆರಳಗಲ ತಿರುಗಿದ ಮೇಲೆ ಟಕ್ ಎಂದಿತು. ಹಳೆಯ ಗೆರೆ ಎರಡು ತುಂಡಾಗಿ ಅತ್ತೊಂದು ಇತ್ತೊಂದು ನಿಂತಿತು.

ಮೇಲ್ವಿಚಾರಕಿ ಸ್ಪ್ಯಾನರ್ ಇಸಿದುಕೊಂಡಳು. ಅಕ್ಕಪಕ್ಕದ ಬೋಲ್ಟುಗಳನ್ನು ತಾನೇ ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ಟಕ್ ಎಂದವು. ಇಷ್ಟು ದಿನ ಅವು ಅವನ ತಪ್ಪನ್ನು ಹೊತ್ತುಕೊಂಡು ಬೆಟ್ಟ ಕೊರೆದಿದ್ದವು. ಆಮೇಲೆ ಅವಳು ಜೇಬಿನಿಂದ ಹೊಸ ಪೆನ್ನು ತೆಗೆದು ಚಾಚಿದಳು.

"ಮೊದಲು ಬಿಗಿ, ಆಮೇಲೆ ಗೆರೆ. ಮೊದಲ ದಿನ ನನಗೆ ನೀವು ಕಲಿಸಿದ್ದು."

ಹಳೆಯ ಗೆರೆಯನ್ನು ಅಳಿಸಲು ಅವಳು ಬಟ್ಟೆ ತೆಗೆದಳು. ಅವನು ಬೇಡವೆಂದು ಕೈ ಅಡ್ಡ ಮಾಡಿ, ಆ ತುಂಡುಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದು ಎಳೆದ. ಗೆರೆ ಸೊಟ್ಟಗಾಯಿತು.

"ನಿಮ್ಮದು ಮುಗಿದಿದ್ರೆ ಶುರು ಮಾಡಲಾ ಯಜಮಾನ್ರೇ?" ಎಂದು ಯಂತ್ರ ನಡೆಸುವವನು ಕೇಳಿದ.

ಮುಚ್ಚಳವನ್ನು ಮತ್ತೊಮ್ಮೆ ಮುಟ್ಟಿ ನೋಡಿ, "ಮಾಡಪ್ಪ," ಎಂದ ಹಳದಿ ಮಾವ.

ಮೊದಲು ಕಾಲಡಿಯ ಉಕ್ಕು ಸಣ್ಣಗೆ ನಡುಗಿತು. ಆಮೇಲೆ ಮುಂದಿನಿಂದ, ಅವನು ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಎಂದೂ ಕೇಳದಿದ್ದ ಸದ್ದು ಬಂತು. ಬಂಡೆ ಒಡೆಯುತ್ತಿತ್ತು. ಅವನು ತಲೆಗಾವಲಿನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಟೋಪಿ ಹಾಕ್ಕೊಳ್ಳಿ ಮಾವ ಎಂದು ಮೇಲ್ವಿಚಾರಕಿ ಬೈದದ್ದು ಅವನಿಗೆ ಕೇಳಿಸಲಿಲ್ಲ.