ವಿಮಾನದಲ್ಲಿ ಹೋಗಿ ಲಾರಿಯಲ್ಲಿ ಬಂದ ನಮ್ಮತ್ತೆ

ಬೆಂಗಳೂರಿನಿಂದ ಅಮೃತಸರಕ್ಕೆ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಜಲಂಧರಕ್ಕೆ ಕಾರು. ಅದೇ ಜಲಂಧರದಿಂದ ನಮ್ಮೂರು ಸಾಲಗಾಮೆಗೆ ಬಿತ್ತನೆ ಆಲೂಗೆಡ್ಡೆ ಹೊತ್ತ ಲಾರಿ ಬರಲು ಐದಾರು ದಿನ ಬೇಕು. ಈ ಎರಡು ದಾರಿಯನ್ನೂ ಕಂಡವರು ನಮ್ಮ ಮನೆಯಲ್ಲಿ ಅತ್ತೆ ಒಬ್ಬರೇ.

ಹಿಂದಿನ ವರ್ಷ ಬಂದ ಗೆಡ್ಡೆ ಅರ್ಧಕ್ಕರ್ಧ ಕೊಳೆತಿತ್ತು. ಚೀಲ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳಬೇಕು, ಥೂ! ಇನ್ನೊಂದು ಸಲ ಹೀಗಾದರೆ ಗೆಡ್ಡೆ ಬಿಟ್ಟು ಜೋಳ ಹಾಕುವುದು ಎಂದು ನನ್ನ ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟರು. ಮಾವ ತೀರಿಕೊಂಡ ಮೇಲೆ ಗೆಡ್ಡೆ ಬೆಳೆದೇ ಮಕ್ಕಳನ್ನು ಸಾಕಿದ ಅತ್ತೆಗೆ ಆ ಮಾತು ಎದೆಗೆ ನಾಟಿತು.

"ಈ ಸಲ ನಾನೇ ಓಗಿ ಆರಿಸ್ಕೊಂಡು ಬತ್ತೀನಿ ಕಣಮ್ಮಿ. ನೀನು ಜೊತೇಲಿ ಬಂದು ಹಿಂದಿ ಮಾತಾಡು, ಸಾಕು" ಎಂದರು.

ವಿಮಾನದಲ್ಲಿ ಕಿಟಕಿ ಸೀಟು ಅವರದೇ. ಹೆದರಿಯಾರು ಎಂದು ಕೈ ಹಿಡಿದರೆ ಕೊಡವಿಬಿಟ್ಟರು. ಕಾಫಿ ಬಂದರೂ ಮುಖ ತಿರುಗಿಸಲಿಲ್ಲ.

"ಲಾರಿ ಬರಾದು ಇದೇ ನೆಲದ ಮ್ಯಾಲೆ ತಾನೆ?"

ಹೌದು ಎಂದೆ. ಕೆಳಗೆ ಸೀದ ರೊಟ್ಟಿಯ ಬಣ್ಣದ ನೆಲ, ಮುಗಿಯುವುದೇ ಇಲ್ಲ.

"ಒಂದು ಮರ ಕಾಣಕಿಲ್ವಲ್ಲಮ್ಮಿ! ಈ ಬಿಸ್ಲಲ್ಲಿ ಟಾರ್ಪಾಲು ಬಿಗಿದು ತಂದ್ರೆ ಗೆಡ್ಡೆ ಬೇಯ್ದೆ ಇನ್ನೇನಾಯ್ತದೆ?"

ಆಮೇಲೆ ಇಳಿಯುವತನಕ ಕಿಟಕಿಗೆ ಮುಖ ಒತ್ತಿ ಮರ ಹುಡುಕುತ್ತಲೇ ಇದ್ದರು.

ಜಲಂಧರದಲ್ಲಿ ಗೆಡ್ಡೆ ಆರಿಸಿದ್ದಾಯಿತು. ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ಹೇರಿಕೊಂಡು ಬಂದಿದ್ದ ಅತ್ತೆಯ ತಮ್ಮನ ಮಗನ ಲಾರಿಗೆ ತುಂಬಿದ್ದೂ ಆಯಿತು. ನಾನು ವಾಪಸು ಹೊರಡೋಣ ಎಂದು ತಿರುಗಿದರೆ ಅತ್ತೆ ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದಾರೆ!

"ಅತ್ತೆ, ಈ ವಯಸ್ಸಲ್ಲಿ ಲಾರೀಲಾ? ನಿಮ್ಮ ಮಗ ನನ್ನ ಸುಮ್ನೆ ಬಿಡ್ತಾರಾ?" ಎಂದು ಕೂಗಾಡಿದೆ.

"ನೀನು ಇಮಾನ್ದಲ್ಲಿ ಓಗಮ್ಮಿ. ನಾನು ಗೆಡ್ಡೆ ಜೊತೆ ಬತ್ತೀನಿ."

ವಿಮಾನ ಇಳಿದು ಮನೆಗೆ ಬಂದು, ಸುಸ್ತು ಎಂದು ಒಂದು ದಿನ ಮಲಗಿದವಳು ನಾನು. ಲಾರಿ ಓಡಿಸುತ್ತಿದ್ದ ಆ ತಮ್ಮನ ಮಗ ಫೋನಿನಲ್ಲಿ ಗೋಳಾಡುತ್ತಿದ್ದ: "ಅಕ್ಕಾ, ನಮ್ಮತ್ತೆ ನೆತ್ತಿ ಬಿಸ್ಲಲ್ಲಿ ಗಾಡಿ ಓಡ್ಸಕ್ಕೇ ಬುಡಲ್ಲ ಕಣಕ್ಕ. ನೆಳ್ಳು ಕಂಡ್ರೆ ಸಾಕು, ನಿಲ್ಸು, ಟಾರ್ಪಾಲು ಬಿಚ್ಚು ಅಂತಾರೆ!" ನನಗೆ ನಗುವೂ ಬಂತು, ಹೆಮ್ಮೆಯೂ ಆಯಿತು. ಎಂಥ ಹೆಂಗಸು ಮಾರಾಯರೇ!

ಒಂದು ವಾರ ಕಳೆದ ಮೇಲೆ ಲಾರಿ ಬಂತು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದರು. ಊದಿದ ಪಾದ ಅದರೊಳಗೆ ಹಿಡಿಸುತ್ತಿರಲಿಲ್ಲ. ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು. ಒಳಗೆ ಬನ್ನಿ ಎಂದರೂ ಕೇಳದೆ ಒಂದು ಚೀಲ ಇಳಿಸಿ ಬಿಚ್ಚಿಸಿ, ಮಗನ ಕಡೆ ನೋಡಿದರು.

ನನ್ನ ಗಂಡ ಮೊಣಕೈವರೆಗೆ ಕೈ ಹಾಕಿದರು. ಮೂಸಿದರು. ತೇವವಿಲ್ಲದ, ಗಟ್ಟಿಮುಟ್ಟಾದ ಗೆಡ್ಡೆ. ಗೆಡ್ಡೆಯ ಕಣ್ಣುಗಳಲ್ಲಿ ಆಗಲೇ ಅಕ್ಕಿಕಾಳಿನಷ್ಟು ಮೊಳಕೆ. ಇನ್ನೊಂದು ಚೀಲ ಬಿಚ್ಚಿದರು, ಮತ್ತೊಂದು ಬಿಚ್ಚಿದರು. ಕೊಳೆತದ್ದು ಕೈಗೆ ಸಿಗಲೇ ಇಲ್ಲ.

"ನಾಳೀಕೆ ಆಳ್ಗಳಿಗೆ ಹೇಳ್ಬುಡ್ತೀನಿ ಕಣವ್ವ, ಬಿತ್ತಕ್ಕೆ" ಎಂದರು. ದನಿ ಸಣ್ಣದಾಗಿತ್ತು.

ಆಗ ಅತ್ತೆ ಜಗಲಿಯ ಮೇಲೆ ಕೂತು, ಎರಡೂ ಕಾಲು ಚಾಚಿದರು.

"ಈಗ ಒಂಚೂರು ಬಿಸ್ನೀರು ಕಾಯ್ಸಮ್ಮಿ."