ಮೂರನೆಯ ದಿನದ ಕೆಂಪು

ನಾನು ಬೆಳ್ತಂಗಡಿಯ ಆಸ್ಪತ್ರೆಗೆ ಸಹಾಯಕ ವೈದ್ಯನಾಗಿ ಬಂದದ್ದು 1958ರಲ್ಲಿ. 59 ಕೂಡ ಇರಬಹುದು. ಮದ್ರಾಸಿನಲ್ಲಿ ಕಲಿತ ಪಾಠಗಳು ಈಗಲೂ ಪುಟಸಹಿತ ನೆನಪಿವೆ, ಆದರೆ ನಾನೇ ಮಾಡಿದ ಕೆಲಸದ ದಿನಾಂಕಗಳು ತಪ್ಪುತ್ತವೆ. ಸುಂದರಿಯ ವಿಷಯದಲ್ಲಿ ಒಂದು ದಿನದ ಲೆಕ್ಕ ತಪ್ಪಿದರೂ ಅರ್ಥವೇ ಬದಲಾಗುವುದರಿಂದ, ಸಂಶಯ ಇರುವಲ್ಲಿ ಸಂಶಯವೆಂದೇ ಬರೆಯುತ್ತೇನೆ.

ಬೇಸಿಗೆಯಲ್ಲಿ ಮುಂಬಯಿಯಿಂದ ಊರಿಗೆ ಬಂದಿದ್ದ ಹೋಟೆಲ್ ಕೆಲಸಗಾರನೊಬ್ಬನಿಗೆ ಸಿಡುಬು ಎದ್ದಿತು. ಅವನನ್ನು ಲಾಯಿಲ ಗ್ರಾಮದ ಹೊರಗೊಂದು ಶೆಡ್ಡಿನಲ್ಲಿ ಇರಿಸಿದೆವು. ಆರೈಕೆಗೆ ಯಾರು ಎಂಬ ಪ್ರಶ್ನೆ ಬಂದಾಗ ಅಪ್ಪಿ ಎಂಬ ಹೆಂಗಸು ತಾನಾಗಿ ಮುಂದೆ ಬಂದಳು. ಅವಳ ಮುಖದ ತುಂಬ ಹಳೆಯ ಸಿಡುಬಿನ ಕಲೆ. ಇಂಥವರೇ ರೋಗಿಯ ಹತ್ತಿರ ಹೋಗಬೇಕೆಂಬುದು ಆ ಕಡೆಯ ರೂಢಿ.

ನಾನು ಒಪ್ಪಲಿಲ್ಲ. ಆಸ್ಪತ್ರೆಯ ಆಯಾ ಸುಂದರಿಗೆ ಎರಡು ತಿಂಗಳ ಹಿಂದೆ ದೇವಿ ಹಾಕಲಾಗಿತ್ತು, ಅಂದರೆ ಸಿಡುಬಿನ ಲಸಿಕೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಇಮ್ಯೂನ್' ಎಂದು ಬರೆದಿತ್ತು.

"ರೋಗ ನಿಮ್ಮ ಪುಸ್ತಕ ಓದಿ ಬರುವುದಾ ಡಾಕ್ಟ್ರೇ?" ಎಂದಳು ಅಪ್ಪಿ. "ಅದಕ್ಕೆ ನನ್ನ ಪರಿಚಯ ಉಂಟು. ಒಮ್ಮೆ ಬಂದು ಹೋಗಿದೆ. ಈ ಹುಡುಗಿಯ ಪರಿಚಯ ಎಲ್ಲಿ ಉಂಟು?"

ನಾನು ನಕ್ಕೆ. ಸುಂದರಿಯನ್ನು ಒಳಗೆ ಕಳುಹಿಸಿದೆ. ಈ ಬರಹದಲ್ಲಿ ನಾನು ಯಾರ ಮೇಲೆ ಸಿಟ್ಟಾದರೂ, ಮೊದಲ ಪಾಲು ಈ ನಗುವಿಗೆ ಸಲ್ಲಬೇಕು.

ಮೂರನೆಯ ದಿನ ಸುಂದರಿ ಸೆರಗು ಸರಿಪಡಿಸಿಕೊಳ್ಳುವಾಗ ತೋಳು ಕಂಡಿತು. ಕಲೆಯೇ ಇರಲಿಲ್ಲ.

"ದೇವಿ ಹಾಕಿದ ಗುರುತು ಎಲ್ಲಿ?"

"ಮರುದಿನ ಕೆಂಪಾಗಿ ತುರಿಸ್ತಿತ್ತು. ಮೂರನೇ ದಿನ ದೇವಿ ಹಾಕಿದವರು ಬಂದು ನೋಡಿ ಬರ್ಕೊಂಡು ಹೋದ್ರು. ಆಮೇಲೆ ಎಂತದೂ ಇಲ್ಲ."

"ಚಿಕ್ಕಂದಿನಲ್ಲಿ ಹಾಕಿಸಿದ್ದು?"

"ಹಾಕಿಸಿದ್ದಾರೆ ಅಂತ ಅಮ್ಮ ಹೇಳ್ತಾರೆ. ನಾನು ನೋಡಿಲ್ಲ."

ಲಸಿಕೆಯಲ್ಲಿರುವ ವೈರಸ್ ಜೀವಂತವಾಗಿದ್ದರೆ ಮಾತ್ರ ಚರ್ಮದಲ್ಲಿ ಬೆಳೆದು, ಒಂದು ವಾರದಲ್ಲಿ ಗುಳ್ಳೆಯಾಗಿ, ಒಣಗಿ, ಕಲೆ ಉಳಿಸುತ್ತದೆ. ದೇಹ ಶತ್ರುವನ್ನು ಗುರುತು ಹಿಡಿದದ್ದಕ್ಕೆ ಅದೇ ಸಾಕ್ಷಿ. ಮೊದಲೇ ರಕ್ಷಣೆ ಇದ್ದವರಲ್ಲಿ ಬೇಗ ಕೆಂಪಾಗಿ ಬೇಗ ಇಳಿಯುತ್ತದೆ, ಅಂಥವರನ್ನು 'ಇಮ್ಯೂನ್' ಎಂದು ಬರೆಯುವ ಪದ್ಧತಿ ಇತ್ತು. ಆದರೆ ಸೆಕೆಗೆ ಸತ್ತುಹೋದ ಲಸಿಕೆಯನ್ನು ಗೀರಿದರೂ ಒಂದೆರಡು ದಿನ ಚರ್ಮ ಹಾಗೆಯೇ ಕೆಂಪಾಗಬಹುದು! ಆ ಸಲದ ಲಸಿಕೆ ತುಂಬಿದ ಗಾಜಿನ ನಾಳಗಳು ಮಂಜುಗಡ್ಡೆಯಿಲ್ಲದೆ ಬಿ.ಸಿ.ರೋಡಿನಲ್ಲಿ ಬಸ್ಸಿಗಾಗಿ ಒಂದು ಹಗಲು ಕಾದಿದ್ದವು. ಅದು ಎಲ್ಲರಿಗೂ ಗೊತ್ತಿತ್ತು.

ಸಿಡುಬು ಮೈಸೇರಿ ಜ್ವರ ಬರಲು ಸುಮಾರು ಹನ್ನೆರಡು ದಿನ ಬೇಕು. ಮೊದಲ ಮೂರ್ನಾಲ್ಕು ದಿನಗಳಲ್ಲಿ ಒಳ್ಳೆಯ ಲಸಿಕೆ ಹಾಕಿದರೆ ದೇಹದ ರಕ್ಷಣೆ ರೋಗಕ್ಕಿಂತ ಮುಂಚೆ ಎದ್ದು ನಿಲ್ಲುವ ಸಾಧ್ಯತೆ ಇತ್ತು. ಕೂಡಲೇ ಅಪ್ಪಿಯನ್ನು ಶೆಡ್ಡಿಗೆ ಕರೆಸಿ, ಸುಂದರಿಯನ್ನು ಹೊರಗೆ ತಂದು ಬೇರೆ ಕೋಣೆಯಲ್ಲಿ ಇರಿಸಿ, ಹೊಸ ಲಸಿಕೆ ಕೇಳಲು ಬಂಟ್ವಾಳಕ್ಕೆ ಹೋದೆ. ಲಸಿಕೆಯ ಉಸ್ತುವಾರಿ ಹೊತ್ತ ಅಧಿಕಾರಿ ರಿಜಿಸ್ಟರ್ ತರಿಸಿ ಆ ಶಬ್ದದ ಮೇಲೆ ಬೆರಳಿಟ್ಟರು.

"ಇಮ್ಯೂನ್ ಆದವಳಿಗೆ ಪುನಃ ಹಾಕಿದರೆ ನಮ್ಮ ಮೊದಲಿನ ಕೆಲಸ ಸುಳ್ಳು ಅಂತ ನಾವೇ ಬರೆದ ಹಾಗೆ ಆಗುತ್ತದೆ, ಡಾಕ್ಟರೇ."

"ಸುಳ್ಳೇ ಸರ್. ತೋಳಿನಲ್ಲಿ ಕಲೆ ಇಲ್ಲ."

"ತೋಳನ್ನು ಫೈಲಿಗೆ ಹಚ್ಚಲಿಕ್ಕೆ ಆಗ್ತದಾ?"

ಅಲ್ಲಿಂದ ಮೂಡಬಿದ್ರೆಗೆ ಹೋದೆ. ಅಲ್ಲಿ ಲಸಿಕೆ ಹಾಕುತ್ತಿದ್ದ ಹಿರಿಯರೊಬ್ಬರು, ಜೈನರು, ನನ್ನ ಮಾತು ಮುಗಿಯುವ ಮೊದಲೇ ಎದ್ದರು. ಹೊಸ ಲಸಿಕೆ ಅವರಲ್ಲಿತ್ತು. "ಎರಡು ನಾಳ ಒಡೆದುಹೋಯಿತು ಅಂತ ಬರೀತೇನೆ. ಜೀವನದಲ್ಲಿ ಮೊದಲ ಸುಳ್ಳು. ನೀವು ಹೊರಡಿ ಮಾರಾಯ್ರೆ." ಮಂಜುಗಡ್ಡೆ ಸಿಕ್ಕಿದ್ದು ಮೀನು ಮಾರ್ಕೆಟಿನಲ್ಲಿ ಮಾತ್ರ. ಅದನ್ನು ಫ್ಲಾಸ್ಕಿಗೆ ತುಂಬಿ ನಡುವೆ ನಾಳಗಳನ್ನು ಇಟ್ಟೆ. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಬೂತಾಯಿಯಾ, ಬಂಗುಡೆಯಾ ಡಾಕ್ಟ್ರೇ? ಮನೆಯಲ್ಲಿ ನೆಂಟರುಂಟಾ?" ಎಂದು ಕೇಳಿದ. ಇಡೀ ಬಸ್ಸು ನಕ್ಕಿತು.

ಸುಂದರಿಗೆ ಲಸಿಕೆ ಹಾಕಿದ್ದು ಅವಳು ಶೆಡ್ಡಿಗೆ ಹೋದ ನಾಲ್ಕನೆಯ ದಿನ ಎಂದು ನನ್ನ ನಂಬಿಕೆ. ಐದನೆಯದೂ ಇರಬಹುದು. ಪರಿಶೀಲಿಸೋಣವೆಂದರೆ ದಾಖಲೆಯಿಲ್ಲ, ಕಾಗದದ ಪ್ರಕಾರ ಆ ನಾಳಗಳು ಮೂಡಬಿದ್ರೆಯಲ್ಲೇ ಒಡೆದಿದ್ದವು. ವಾರ ಕಳೆಯುವುದರೊಳಗೆ ತೋಳಿನಲ್ಲಿ ಮುತ್ತಿನಂಥ ಗುಳ್ಳೆ ಎದ್ದಿತು. ನಂತರ ಜ್ವರ ಬಂತು, ಮುಖದಲ್ಲೂ ಕೈಯಲ್ಲೂ ಬೆರಳೆಣಿಕೆಯ ಬೊಕ್ಕೆಗಳು ಎದ್ದವು. ಶೆಡ್ಡಿನ ರೋಗಿ ಅಷ್ಟರಲ್ಲಿ ತೀರಿಕೊಂಡಿದ್ದ. ಸುಂದರಿ ಉಳಿದಳು. ಲಸಿಕೆಯಿಂದಲೇ ಉಳಿದಳೆಂದು ಪ್ರಮಾಣ ಮಾಡಲಾರೆ. ಹಾಕದಿದ್ದರೆ ಏನಾಗುತ್ತಿತ್ತೆಂದು ತಿಳಿಯಲು ಇನ್ನೊಬ್ಬ ಸುಂದರಿ ಇರಲಿಲ್ಲವಲ್ಲ.

ಆದರೆ ಆ ಅಧಿಕಾರಿಗೆ ಸಂಶಯವೇ ಇರಲಿಲ್ಲ. ಬೊಕ್ಕೆಗಳ ಹಕ್ಕಳೆ ಉದುರಿದ ಮೇಲೆ ಬಂದು ಅವಳನ್ನು ನೋಡಿ ಸಂತೋಷಪಟ್ಟರು. "ನೋಡಿದಿರಾ? ಸಿಡುಬು ಬಂದರೂ ಹಗುರಾಗಿ ಹೋಯಿತು. ನಮ್ಮ ಲಸಿಕೆ ಚೆನ್ನಾಗಿಯೇ ಇತ್ತು" ಎಂದರು. ಆ ಸಲದ ಲಸಿಕೆ ಹಾಕಿಸಿಕೊಂಡವರನ್ನೆಲ್ಲ ಪುನಃ ಪರೀಕ್ಷಿಸಬೇಕೆಂದು ನಾನು ಕೊಟ್ಟಿದ್ದ ಅರ್ಜಿಯನ್ನು, ಇವಳು ಬದುಕಿದ್ದನ್ನೇ ಕಾರಣವಾಗಿ ತೋರಿಸಿ ತಿರಸ್ಕರಿಸಿದರು.

ಸುಂದರಿ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ಗುಲಾಬಿ ಬಣ್ಣದ ಹಸಿ ಕಲೆ.

"ಇದು ಯಾವ ಲಸಿಕೆದ್ದು ಅಂತ ಬರೀತೀರಿ ಸ್ವಾಮಿ?"

ಅವರು ಬಗ್ಗಿ ನೋಡಿದರು. ಆಮೇಲೆ "ಹಳೆಯದೇ" ಎಂದು ಹೇಳಿ ಜೀಪು ಹತ್ತಿದರು.

ಮರುದಿನದಿಂದ ನಾವು ಮೂವರು, ಅಪ್ಪಿ, ಸುಂದರಿ ಮತ್ತು ನಾನು, ಅನುಮತಿಯಿಲ್ಲದೆ ಮನೆಮನೆಗೆ ಹೋಗಿ ತೋಳುಗಳನ್ನು ನೋಡತೊಡಗಿದೆವು. ಗುರುತಿಲ್ಲದ ತೋಳುಗಳೇ ಹೆಚ್ಚು. ಮುಂದಿನ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಎಂಟನೆಯ ದಿನ ತೋಳನ್ನು ಕಣ್ಣಾರೆ ನೋಡದೆ ಸಿಡುಬಿನ ಲಸಿಕೆಯ ಯಾವ ರಿಜಿಸ್ಟರಿಗೂ ನಾನು ಸಹಿ ಹಾಕಲಿಲ್ಲ. ಅದಕ್ಕಾಗಿ ಮೂರು ಮೆಮೊ ಬಂದಿವೆ. ಆ ಸಂಖ್ಯೆಯಲ್ಲಿ ಮಾತ್ರ ನನಗೆ ಸಂಶಯವಿಲ್ಲ.